ಮೀನುಗಾರರ ಕೇರಿಯಲ್ಲಿ ಟೆಂಟ್ ಹಾಕುವ ಮೊದಲು: ನಮ್ಮ ಭಾಗದಿಂದ ಕರಾವಳಿಗೆ ಹೊರಡುವವರ ಚರ್ಚೆ

ಕಾಗಿಣಾ ದಂಡೆ, ಚಿತ್ತಾಪುರ:

ಎಲ್ಲರಿಗೂ ನಮಸ್ಕಾರ. ತೊಗರಿ ರಾಶಿ ಮುಗಿಸಿ ಫೆಬ್ರವರಿಯಲ್ಲಿ ನಾನು, ಹದಿನಾಲ್ಕು ವರ್ಷದ ನನ್ನ ಮಗ ಮತ್ತು ಇಬ್ಬರು ಗೆಳೆಯರು ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಗೆ ಸಮೀಪದ ಒಂದು ಸಣ್ಣ ಕೇರಿಯಲ್ಲಿ ಮೂರು ರಾತ್ರಿ ಟೆಂಟ್ ಹಾಕಿ ಉಳಿದು ಬಂದೆವು. ಹೋಗುವ ಮುಂಚೆ ಇಲ್ಲಿ ಕೇಳಿ ತಿಳಿದುಕೊಂಡಿದ್ದರೆ ನಮ್ಮಿಂದ ಒಂದು ತಪ್ಪು ಆಗುತ್ತಿರಲಿಲ್ಲ. ಮುಂದೆ ಹೋಗುವವರಿಗೆ ಉಪಯೋಗವಾಗಲೆಂದು ಅದನ್ನೂ ಸೇರಿಸಿಯೇ ಬರೆಯುತ್ತಿದ್ದೇನೆ.

ದಾರಿಯ ವಿಷಯ ಚಿಕ್ಕದು. ಕಲಬುರಗಿಯಿಂದ ವಿಜಯಪುರ ತಲುಪಿದರೆ, ಅಲ್ಲಿಂದ 52ನೆಯ ರಾಷ್ಟ್ರೀಯ ಹೆದ್ದಾರಿಯೊಂದೇ ಹುಬ್ಬಳ್ಳಿ, ಯಲ್ಲಾಪುರ, ಅರಬೈಲು ಘಟ್ಟದ ಮೂಲಕ ಅಂಕೋಲೆಗೆ ಇಳಿಸುತ್ತದೆ. ಅಲ್ಲಿ 66ನೆಯ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ತಿರುಗಿದರೆ ಕುಮಟಾ ಬರುತ್ತದೆ. ಒಟ್ಟು ಸುಮಾರು 500 ಕಿ.ಮೀ. ಒಂದೇ ದಿನದಲ್ಲಿ ಮುಟ್ಟಬಹುದು, ಆದರೆ ಮುಟ್ಟುವ ಹೊತ್ತಿಗೆ ಕತ್ತಲಾಗಿರುತ್ತದೆ, ಮತ್ತು ನಮ್ಮ ತಪ್ಪು ಶುರುವಾದದ್ದೇ ಅಲ್ಲಿಂದ. ದಯವಿಟ್ಟು ಹುಬ್ಬಳ್ಳಿಯಲ್ಲೋ ಯಲ್ಲಾಪುರದಲ್ಲೋ ಒಂದು ರಾತ್ರಿ ನಿಂತು, ಕೇರಿಗೆ ಹಗಲಿನಲ್ಲಿ ಕಾಲಿಡಿ.

ನಾವು ತಲುಪಿದಾಗ ರಾತ್ರಿ ಎಂಟು ದಾಟಿತ್ತು. ಬ್ಯಾಟರಿಯ ಬೆಳಕಿನಲ್ಲಿ ದೋಣಿಗಳ ಹಿಂದೆ ಒಂದು ಸಮತಟ್ಟಾದ, ಕಸಕಡ್ಡಿ ಇಲ್ಲದ ಮರಳಿನ ಜಾಗ ಕಂಡಿತು. ಯಾರನ್ನೂ ಕೇಳದೆ ಅಲ್ಲೇ ಟೆಂಟ್ ಹಾಕಿ ಮಲಗಿದೆವು. ಬೆಳಗಿನ ಜಾವ ಹೊರಗೆ ಹೆಣ್ಣುಮಗಳೊಬ್ಬರ ದನಿ ಕೇಳಿ ಮಗ ಮೊದಲು ಎದ್ದು ಹೋದ. ಸೊಂಟದ ಮೇಲೆ ಮೀನಿನ ಬುಟ್ಟಿ ಇಟ್ಟುಕೊಂಡು ನಿಂತಿದ್ದ ಅವರು, "ಇದು ಮೀನು ಒಣಸೂ ಜಾಗ, ತಮಾ. ಬಿಸಲು ಬರೂಕೆ ಮೊದಲು ತೆಗೀರಿ" ಎಂದಷ್ಟೇ ಹೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಬೆಳಕು ಹರಿದ ಮೇಲೆ ನೋಡುತ್ತೇನೆ, ನಾವು ಮಲಗಿದ ಮರಳನ್ನು ಅವರು ಹಿಂದಿನ ಸಂಜೆ ಗುಡಿಸಿ ಹದ ಮಾಡಿಟ್ಟಿದ್ದರು. ಗುಡಿಸಿದ ಗೆರೆಗಳು ಟೆಂಟಿನ ಎರಡೂ ಬದಿಗೆ ಇನ್ನೂ ಹಾಗೆಯೇ ಇದ್ದವು, ನಡುವೆ ನಮ್ಮ ಬೂಟುಗಳ ಗುರುತು ಮೂಡಿತ್ತು. ನಮ್ಮಲ್ಲಿ ರಾಶಿಯ ಹೊತ್ತಿಗೆ ಕಣ ಕಡಿದು, ಸಗಣಿ ಸಾರಿಸಿ, ಮೇಟಿ ನೆಟ್ಟ ಮೇಲೆ ಮನೆಯವರೇ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತೇವೆ. ಅಂಥ ಕಣದ ನಡುವೆ ಅಪರಿಚಿತರು ರಾತ್ರಿ ಬಂದು ಹಾಸಿಗೆ ಹಾಸಿದರೆ ನಮ್ಮ ಅಪ್ಪ ಏನು ಹೇಳುತ್ತಿದ್ದರೆಂದು ಯೋಚಿಸಿ ನನಗೆ ಬಹಳ ನಾಚಿಕೆಯಾಯಿತು. ದಂಡೆ ಖಾಲಿ ಕಂಡರೆ ಅದು ಯಾರದ್ದೂ ಅಲ್ಲ ಎಂದು ನಾವು ಬಯಲುಸೀಮೆಯವರು ತಿಳಿಯುತ್ತೇವೆ. ಮೀನುಗಾರರ ಕೇರಿಯಲ್ಲಿ ದೋಣಿ ಎಳೆಯುವ ದಾರಿ, ಬಲೆ ಹರಡುವ ಜಾಗ, ಮೀನು ಒಣಗಿಸುವ ಜಾಗ ಎಂದು ಪ್ರತಿ ಗೇಣಿಗೂ ಒಂದು ಕೆಲಸವಿದೆ.

ನಾವು ಕ್ಷಮೆ ಕೇಳಿ ಟೆಂಟ್ ಬಿಚ್ಚಿದೆವು. ಅದೇ ಅಕ್ಕ ತಮ್ಮ ಮನೆಯ ಹಿಂದಿನ ತೆಂಗಿನ ತೋಟದಲ್ಲಿ ಜಾಗ ತೋರಿಸಿದರು. ಬಾವಿ, ಬಚ್ಚಲು ಬಳಸಲು ಕೊಟ್ಟರು. ಉಳಿದ ರಾತ್ರಿಗಳನ್ನು ಅಲ್ಲಿಯೇ ಕಳೆದೆವು, ದಿನಕ್ಕೆ ಇಷ್ಟೆಂದು ಮೊದಲೇ ಮಾತಾಡಿ ಹಣ ಕೊಟ್ಟೆವು. ಕಾಯಿ ಬೀಳುವ ಮರದ ಬುಡ ಬಿಟ್ಟು ಟೆಂಟ್ ಹಾಕಿರೆಂದು ಅವರೇ ಎಚ್ಚರಿಸಿದರು.

ಎರಡನೆಯ ದಿನ ಏಂಡಿ ಬಲೆ ಎಳೆಯುವುದನ್ನು ನೋಡಿದೆವು. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರದಂತೆ ಬಿಟ್ಟು ಬಂದು, ಎರಡು ತುದಿಗಳ ಹಗ್ಗವನ್ನು ದಂಡೆಯಿಂದ ಎರಡು ಸಾಲಿನಲ್ಲಿ ನಿಂತು ಎಳೆಯುತ್ತಾರೆ. ಹಿಂದೆ ಹಿಂದೆ ಹೆಜ್ಜೆ ಇಡುತ್ತ ಸಾಲಿನ ಕೊನೆಗೆ ಬಂದವರು ಹಗ್ಗ ಬಿಟ್ಟು ಓಡಿ ನೀರಿನ ಅಂಚಿನಲ್ಲಿ ಮತ್ತೆ ಹಿಡಿಯುತ್ತಾರೆ. ಹೀಗೆ ಒಂದು ತಾಸಿಗೂ ಹೆಚ್ಚು ಹೊತ್ತು ನಡೆಯಿತು. ಮಗ ಕೇಳಿಕೊಂಡು ಸಾಲಿಗೆ ಸೇರಿದ. ಒದ್ದೆ ಹಗ್ಗದ ಮರಳು ಉಜ್ಜಿ ಅವನ ಅಂಗೈ ಕೆಂಪಾಯಿತು. ಬಲೆಯಲ್ಲಿ ಬಂದದ್ದು ಎರಡು ಬುಟ್ಟಿ ತಾರ್ಲೆ ಮೀನು, ಒಂದಿಷ್ಟು ಏಡಿ. ಪಾಲು ಹಾಕುವಾಗ ಹಿರಿಯರೊಬ್ಬರು ಒಂದು ಬೊಗಸೆ ತಾರ್ಲೆ ತೆಗೆದು ಅವನ ಕೈಗೂ ಇಟ್ಟರು. ಬೇಡವೆಂದರೆ ಒಪ್ಪಲಿಲ್ಲ. ಹಗ್ಗ ಹಿಡಿದವರಿಗೆಲ್ಲ ಪಾಲು ಉಂಟೆಂದರು.

ಊಟದ ವಿಷಯದಲ್ಲಿ ಒಂದು ಮಾತು. ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ದಿದ್ದೆವು. ನಮ್ಮಲ್ಲಿ ತಿಂಗಳು ಇಟ್ಟರೂ ಮುರಿದರೆ ಚಟ್ಟೆನ್ನುವ ರೊಟ್ಟಿ, ಬಟ್ಟೆಯಲ್ಲಿ ಕಟ್ಟಿಟ್ಟದ್ದು ಅಲ್ಲಿಯ ಗಾಳಿಗೆ ಒಂದೇ ರಾತ್ರಿಯಲ್ಲಿ ಮೆತ್ತಗಾಗಿ ಬಾಗಿತು. ಬಿಗಿಯಾದ ಡಬ್ಬಿ ಬೇಕು. ಬಿಸಿಲಿನ ಲೆಕ್ಕವೂ ಬೇರೆ. ನಮ್ಮ 42 ಡಿಗ್ರಿಯಲ್ಲಿ ಬೆವರು ಮೈಮೇಲೆಯೇ ಆರುತ್ತದೆ, ಅಲ್ಲಿ 33 ಡಿಗ್ರಿಗೇ ಬೆವರು ಆರದೆ ದಣಿವಾಗುತ್ತದೆ. ಮಕ್ಕಳಿಗೆ ನೀರು ಕುಡಿಸುತ್ತಲೇ ಇರಬೇಕು.

ಹೋಗಿಬಂದವರು ತಮ್ಮ ಅನುಭವವನ್ನೂ ಬರೆಯಬೇಕೆಂದು ವಿನಂತಿ.

ಬೀದರಿನ ಹೊಳಪು, ಬೀದರ:

ಅಣ್ಣಾ, ನಿಮ್ಮ ಬರಹವನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಾವು ಮೂವರು ಹೆಣ್ಣುಮಕ್ಕಳು, ನಮ್ಮ ಅತ್ತೆಯವರೂ ಜೊತೆಗೆ, ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ ಮರುದಿನವೇ ಇದೇ ಕಡೆ ಹೊರಡಬೇಕೆಂದು ಯೋಚಿಸಿದ್ದೇವೆ. ನಮಗೆ ಮೊದಲ ಪ್ರಶ್ನೆ ಶೌಚಾಲಯದ್ದು, ಎರಡನೆಯದು ರಾತ್ರಿಯ ಸುರಕ್ಷತೆಯದು. ಪ್ರವಾಸದ ಬರಹಗಳಲ್ಲಿ ಸೂರ್ಯಾಸ್ತದ ವರ್ಣನೆ ಎಷ್ಟು ಬೇಕಾದರೂ ಸಿಗುತ್ತದೆ, ಇವೆರಡರ ಬಗ್ಗೆ ಯಾರೂ ಒಂದು ಸಾಲು ಬರೆಯುವುದಿಲ್ಲ. ಜೊತೆಗೆ, ಆ ಕೇರಿಯ ಹೆಸರು ಮತ್ತು ನಕ್ಷೆಯ ಗುರುತು ಕೊಟ್ಟರೆ ಬಹಳ ಉಪಕಾರವಾಗುತ್ತದೆ.

ಕಾಗಿಣಾ ದಂಡೆ, ಚಿತ್ತಾಪುರ:

ಅಕ್ಕಾವ್ರೇ, ನೀವು ಕೇಳಿದ ಎರಡಕ್ಕೂ ಉತ್ತರ ಒಂದೇ: ಜನವಿಲ್ಲದ ದಂಡೆಯನ್ನು ಹುಡುಕಬೇಡಿ, ಮನೆಯೊಂದರ ಅಂಗಳವನ್ನು ಹುಡುಕಿ. ಮನೆಯವರ ಒಪ್ಪಿಗೆಯಿಂದ ಅವರ ಹಿತ್ತಲಲ್ಲಿ ಟೆಂಟ್ ಹಾಕಿದರೆ ಬಚ್ಚಲು, ಶೌಚಾಲಯ, ನೀರು ಎಲ್ಲವೂ ಅಲ್ಲೇ ಇರುತ್ತದೆ. ಇಡೀ ಕೇರಿಗೆ ನೀವು ಇಂಥವರ ಮನೆಯ ನೆಂಟರೆಂದು ಗೊತ್ತಿರುತ್ತದೆ, ಅದಕ್ಕಿಂತ ದೊಡ್ಡ ಕಾವಲು ಇಲ್ಲ. ಸಮೀಪದ ಪೊಲೀಸ್ ಠಾಣೆಗೂ ಒಂದು ಮಾತು ತಿಳಿಸಿ. ಕೆಲವು ದಂಡೆಗಳಲ್ಲಿ ರಾತ್ರಿ ಉಳಿಯಲು ನಿರ್ಬಂಧವಿದೆ, ಅದನ್ನೂ ಅವರೇ ಹೇಳುತ್ತಾರೆ.

ಕೇರಿಯ ಹೆಸರನ್ನು ಇಲ್ಲಿ ಬರೆಯದಿರಲು ಕಾರಣವಿದೆ. ಅಲ್ಲಿರುವುದು ಮೂವತ್ತು ನಲವತ್ತು ಮನೆ. ಈ ವೇದಿಕೆಯಲ್ಲಿ ಗುರುತು ಹಾಕಿದರೆ ಮುಂದಿನ ರಜೆಗೆ ಹತ್ತು ಗಾಡಿಗಳು ಒಟ್ಟಿಗೆ ಹೋಗಿ ನಿಂತರೆ ಆಶ್ಚರ್ಯವಿಲ್ಲ. ನಿಮಗೆ ಖಾಸಗಿಯಾಗಿ ತಿಳಿಸುತ್ತೇನೆ, ಆದರೆ ಮೊದಲು ಆ ಅಕ್ಕನಿಗೆ ಫೋನ್ ಮಾಡಿ ಒಪ್ಪಿಗೆ ಕೇಳುತ್ತೇನೆ.

ಭೀಮಾ ತೀರ, ಯಾದಗಿರಿ:

ನಮ್ಮದು ಭೀಮಾ ನದಿಯಲ್ಲಿ ತಲೆಮಾರುಗಳಿಂದ ಮೀನು ಹಿಡಿಯುವ ಮನೆತನ. ಹರಿಗೋಲು ಹಾಕಿ, ಸಂಜೆ ಬಲೆ ಬಿಟ್ಟು ಬೆಳಿಗ್ಗೆ ಎತ್ತುವ ಕೆಲಸದಲ್ಲಿ ಬೆಳೆದವನು ನಾನು. ಅಂಬಿಗರ ಚೌಡಯ್ಯನವರ ಹೆಸರು ಹೇಳಿದರೆ ಸಾಕು, ಕರಾವಳಿಯ ಅಂಬಿಗರೂ ನಮ್ಮನ್ನು ಒಳಗೆ ಕರೆದು ಕೂರಿಸಿದ್ದಾರೆ. ಆದ್ದರಿಂದ ಎರಡು ಮಾತು ಹೇಳುವ ಅಧಿಕಾರ ನನಗಿದೆಯೆಂದು ಭಾವಿಸುತ್ತೇನೆ.

ಮೊದಲನೆಯದು ಬಲೆಯ ಮಾತು. ಹರಡಿದ ಬಲೆಯನ್ನು ತುಳಿಯಬಾರದು, ದಾಟಲೂ ಬಾರದು ಎಂದು ನಮ್ಮ ಮನೆಯಲ್ಲಿ ಚಿಕ್ಕ ಮಕ್ಕಳಿಗೂ ಕಲಿಸುತ್ತಾರೆ. ಇದನ್ನು ಬರೀ ನಂಬಿಕೆಯೆಂದು ತಳ್ಳಿಹಾಕಬೇಡಿ. ಚಪ್ಪಲಿಯ ಮೊಳೆಗೋ ಬೂಟಿನ ಕೊಕ್ಕೆಗೋ ಒಂದು ಕಣ್ಣು ಹರಿದರೆ, ಅದನ್ನು ಹೆಣೆಯಲು ಒಬ್ಬ ಮನುಷ್ಯ ಒಂದು ಹೊತ್ತಿನ ಕೆಲಸ ಬಿಟ್ಟು ಕೂರಬೇಕಾಗುತ್ತದೆ. ಫೋಟೋ ತೆಗೆಯಲು ದೋಣಿ ಹತ್ತುವವರಿಗೂ ಇದೇ ಮಾತು. ದೋಣಿಯನ್ನು ಪೂಜೆ ಮಾಡಿ ನೀರಿಗಿಳಿಸುವವರು ಅವರು, ಕೇಳಿಯೇ ಮುಟ್ಟಬೇಕು.

ಎರಡನೆಯದು ಈಜು. ಭೀಮೆಯಲ್ಲಿ, ಕೃಷ್ಣೆಯಲ್ಲಿ ಈಜು ಕಲಿತವರಿಗೆ ಸಮುದ್ರದಲ್ಲಿ ಅಪಾಯ ಹೆಚ್ಚು, ಏಕೆಂದರೆ ನಮಗೆ ಧೈರ್ಯ ಮೊದಲೇ ಬಂದಿರುತ್ತದೆ. ನದಿಯ ನೀರು ಒಂದೇ ದಿಕ್ಕಿಗೆ ಸೆಳೆಯುತ್ತದೆ, ದಡ ಎರಡೂ ಕಡೆ ಇರುತ್ತದೆ. ಸಮುದ್ರದಲ್ಲಿ ದಂಡೆಗೆ ಬಂದ ಅಲೆಗಳ ನೀರು ಮರಳಿನ ದಿಬ್ಬಗಳ ನಡುವೆ ಎಲ್ಲಿ ತಗ್ಗು ಸಿಗುತ್ತದೋ ಅಲ್ಲಿ ಕೂಡಿಕೊಂಡು ಹಿಂದಕ್ಕೆ ಓಡುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ, ನೀರು ಶಾಂತವಾಗಿ ಕಾಣುತ್ತದೆ, ಹೊಸಬರು ಅಲ್ಲಿಯೇ ಇಳಿಯುತ್ತಾರೆ. ಸೆಳವಿಗೆ ಸಿಕ್ಕರೆ ದಂಡೆಯ ಕಡೆಗೆ ಎದುರೀಜಿ ಶಕ್ತಿ ಕಳೆದುಕೊಳ್ಳದೆ, ದಂಡೆಗೆ ಸಮಾನಾಂತರವಾಗಿ ಈಜಿ ಸೆಳವಿನಿಂದ ಪಕ್ಕಕ್ಕೆ ಬಂದು, ಆಮೇಲೆ ದಂಡೆಗೆ ತಿರುಗಬೇಕು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದದ್ದು ನಮಗೆಲ್ಲ ನೆನಪಿದೆ. ಅವರೂ ಬಯಲುಸೀಮೆಯ ಮಕ್ಕಳೇ. ದಂಡೆಯವರು ಇಲ್ಲಿ ಇಳಿಯಬೇಡಿ ಎಂದರೆ ಕಾರಣ ಕೇಳುತ್ತ ನಿಲ್ಲದೆ ಹಿಂದೆ ಬನ್ನಿ.

ಗಜನಿ, ಕಲಬುರಗಿ (ಮೂಲ ಕುಮಟಾ):

ನಾನು ಹುಟ್ಟಿದ್ದು ಅಘನಾಶಿನಿಯ ದಂಡೆಯಲ್ಲಿ. ಹನ್ನೊಂದು ವರ್ಷಗಳಿಂದ ಕಲಬುರಗಿಯಲ್ಲಿ ಶುಶ್ರೂಷಕಿಯಾಗಿ ಕೆಲಸ ಮಾಡುತ್ತಿದ್ದೇನೆ. ನಮ್ಮೂರಿನ ಮರಳನ್ನು ಒಬ್ಬರು ಕಣವೆಂದು ಕರೆದದ್ದನ್ನು ಓದಿ ಕಣ್ಣು ತುಂಬಿ ಬಂತು. ಚಿತ್ತಾಪುರದ ಅಣ್ಣನವರಿಗೆ ಧನ್ಯವಾದ.

ಬೀದರದ ಅಕ್ಕನವರೇ, ಅಮಾವಾಸ್ಯೆಯ ಮರುದಿನ ಹೊರಡುವ ಯೋಚನೆಯನ್ನು ದಯವಿಟ್ಟು ಒಂದು ವಾರ ಮುಂದಕ್ಕೆ ಹಾಕಿ. ಅಮಾವಾಸ್ಯೆ ಮತ್ತು ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯಚಂದ್ರರ ಸೆಳೆತ ಒಂದೇ ಸಾಲಿಗೆ ಬರುವುದರಿಂದ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ನಮ್ಮ ದಂಡೆಯಲ್ಲಿ ಆ ದಿನಗಳ ಉಬ್ಬರ ನಡುಹಗಲು ಮತ್ತು ನಡುರಾತ್ರಿಯ ಸುಮಾರಿಗೆ ಬರುತ್ತದೆ, ಅಂದರೆ ನೀವು ಮಲಗಿ ನಿದ್ದೆ ಹತ್ತಿದ ಮೇಲೆ. ನೀರು ಏರುವುದು ಒಂದೂವರೆ ಎರಡು ಮೀಟರ್ ಮಾತ್ರವಾದರೂ, ದಂಡೆ ಚಪ್ಪಟೆಯಾಗಿದ್ದಲ್ಲಿ ಅಷ್ಟೇ ನೀರು ಹತ್ತಾರು ಮೀಟರ್ ಒಳಗೆ ಬರುತ್ತದೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ಅಷ್ಟಮಿಯ ಹೊತ್ತಿಗೆ ಏರಿಳಿತ ಕಡಿಮೆಯಾಗಿರುತ್ತದೆ. ಪಂಚಾಂಗ ನೋಡುವ ಅಭ್ಯಾಸ ನಿಮ್ಮ ಅತ್ತೆಯವರಿಗೆ ಇದ್ದೇ ಇರುತ್ತದೆ, ಅವರನ್ನೇ ಕೇಳಿ ದಿನ ಗೊತ್ತುಮಾಡಿ. ಮರಳಿನ ಮೇಲೆ ಒಣಗಿದ ಕಸ, ಚಿಪ್ಪು, ಕಡ್ಡಿಗಳ ಒಂದು ಗೆರೆ ಕಾಣುತ್ತದೆ. ಅದು ಹಿಂದಿನ ದೊಡ್ಡ ಉಬ್ಬರ ಮುಟ್ಟಿದ ಜಾಗ, ಅದಕ್ಕಿಂತ ಕೆಳಗೆ ಸಾಮಾನು ಇಡಬಾರದು.

ಅಳಿವೆಯ ಬಾಯಿಯಲ್ಲಿ ಇಳಿತದ ಹೊತ್ತಿಗೆ ಯಾರೂ ಸ್ನಾನಕ್ಕೆ ಇಳಿಯಬಾರದು. ಅಘನಾಶಿನಿಗೆ ಎಲ್ಲಿಯೂ ಅಣೆಕಟ್ಟು ಇಲ್ಲ. ಹೊಳೆಯ ಹರಿವೂ ಇಳಿತದ ಸೆಳೆತವೂ ಕೂಡಿ ನೀರು ಸಮುದ್ರದ ಕಡೆಗೇ ಓಡುತ್ತದೆ. ಅದೇ ಇಳಿತದಲ್ಲಿ ಒಳಭಾಗದ ಹೊಳೆಯಲ್ಲಿ ನಮ್ಮ ಹೆಂಗಸರು ಸೊಂಟದವರೆಗೆ, ಕೆಲವೊಮ್ಮೆ ಎದೆಯವರೆಗೆ ನೀರಿನಲ್ಲಿ ನಿಂತು, ಕಾಲಿನಿಂದ ತಡಕಿ ಬೆಳಚು ಎಂಬ ಚಿಪ್ಪುಮೀನು ಹೆಕ್ಕುವುದನ್ನು ನೋಡುತ್ತೀರಿ. ನನ್ನ ಅವ್ವ ಆ ಕೆಲಸದಿಂದಲೇ ನನ್ನನ್ನು ಓದಿಸಿದಳು. ಮೊಣಕಾಲಿನಿಂದ ಕೆಳಗೆ ಚಿಪ್ಪು ಕೊಯ್ದ ಗೀರುಗಳು ಅವಳಿಗೆ ಇವತ್ತಿಗೂ ಇವೆ. ನೋಡಿ, ಮಾತಾಡಿಸಿ, ಕೊಂಡುಕೊಳ್ಳಿ. ಒದ್ದೆ ಬಟ್ಟೆಯಲ್ಲಿ ದುಡಿಯುತ್ತಿರುವವರ ಫೋಟೋ ಮಾತ್ರ ಕೇಳದೆ ತೆಗೆಯಬೇಡಿ.

ನನ್ನ ಹೆಸರಿನ ಬಗ್ಗೆ ಕೆಲವರು ಖಾಸಗಿಯಾಗಿ ಕೇಳಿದ್ದಾರೆ. ಉಪ್ಪು ನೀರು ಹೊಕ್ಕು ಹೊರಡುವ ಹೊಳೆಯಂಚಿನ ಗದ್ದೆಗೆ ನಾವು ಗಜನಿ ಎನ್ನುತ್ತೇವೆ. ಮಳೆಗಾಲದಲ್ಲಿ ಅಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತದೆ. ಕೊಯ್ಲಾದ ಮೇಲೆ ಹೊಳೆಯ ನೀರು ಒಳಗೆ ಬಿಟ್ಟು ಶೆಟ್ಲಿ (ಸಿಗಡಿ), ಮೀನು ಬೆಳೆಸುತ್ತಾರೆ. ಗಜನಿ ಕಾಯುವ ಒಡ್ಡಿನ ಮೇಲೆ ಗಾಡಿ ಓಡಿಸುವುದು, ಟೆಂಟ್ ಗೂಟ ಹೊಡೆಯುವುದು ಬೇಡ. ಒಡ್ಡು ಒಂದು ಕಡೆ ಬಿರಿದರೆ ಊರಿನ ಗದ್ದೆಗೆಲ್ಲ ಉಪ್ಪು ನೀರು ನುಗ್ಗುತ್ತದೆ. 2024ರಲ್ಲಿ ಈ ಅಳಿವೆ, ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದು ಸುಮ್ಮನೆ ಅಲ್ಲ.

ಶುಶ್ರೂಷಕಿಯಾಗಿ ಒಂದು ಸೂಚನೆ. ಆಳವಿಲ್ಲದ ನೀರಿನಲ್ಲಿ ಹೆಜ್ಜೆ ಎತ್ತಿ ಇಡದೆ, ಪಾದ ಜಾರಿಸುತ್ತ ನಡೆಯಿರಿ. ಮರಳಿನಲ್ಲಿ ಹುದುಗಿರುವ ತೊರಕೆ ಮೀನು ಸಪ್ಪಳಕ್ಕೆ ಸರಿದುಹೋಗುತ್ತದೆ, ತುಳಿದರೆ ಬಾಲದ ಮುಳ್ಳು ಚುಚ್ಚುತ್ತದೆ. ಚುಚ್ಚಿದರೆ ಗಾಯ ತೊಳೆದು, ಸುಡದಷ್ಟು, ತಾಳಿಕೊಳ್ಳುವಷ್ಟು ಬಿಸಿಯಾದ ನೀರಿನಲ್ಲಿ ಅರ್ಧ ಗಂಟೆಗೂ ಹೆಚ್ಚು ಕಾಲ ಪಾದ ಇಟ್ಟರೆ ನೋವು ಇಳಿಯುತ್ತದೆ. ಆಮೇಲೆ ಆಸ್ಪತ್ರೆಗೆ ಹೋಗಲೇಬೇಕು, ಮುಳ್ಳಿನ ಚೂರು ಒಳಗೆ ಉಳಿದಿರಬಹುದು.

ಹೆಸರು ಮುಚ್ಚಿಡುವ ವಿಷಯದಲ್ಲಿ ಮಾತ್ರ ಅಣ್ಣನವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಮೀನು ಕಡಿಮೆಯಾದ ವರ್ಷ ಹಿತ್ತಲಿನ ಎರಡು ಟೆಂಟ್‌ಗಳ ಬಾಡಿಗೆ ಒಂದು ಮನೆಗೆ ದೊಡ್ಡ ಆಸರೆ. ಜನ ಬರುವುದು ಬೇಡವೆಂದು ನಮ್ಮವರು ಎಂದೂ ಹೇಳಿಲ್ಲ.

ಕಾಗಿಣಾ ದಂಡೆ, ಚಿತ್ತಾಪುರ:

ತಂಗಿ, ನಿಮ್ಮ ಮಾತು ನ್ಯಾಯವಾದದ್ದು. ಬೇಡವೋ ಬೇಕೋ ಎಂದು ಅವರ ಪರವಾಗಿ ನಾನು ತೀರ್ಮಾನಿಸಿದ್ದು ಸರಿಯಲ್ಲ. ಆ ಅಕ್ಕನನ್ನೇ ಕೇಳಿ, ಅವರು ಹೇಳಿದಂತೆ ಮಾಡುತ್ತೇನೆ.

ಪರಸಿ ಕಲ್ಲು, ಶಹಾಬಾದ:

ನಮಗೆ ಬಿಡುವು ಸಿಗುವುದು ಜೂನ್, ಜುಲೈಯಲ್ಲಿ ಮಾತ್ರ. ಮಳೆಗಾಲದ ಸಮುದ್ರ ನೋಡಬೇಕೆಂಬ ಆಸೆ ಬಹಳ ದಿನದ್ದು. ಆಗ ಟೆಂಟ್ ಹಾಕಲು ಸಾಧ್ಯವೇ?

ಗಜನಿ, ಕಲಬುರಗಿ:

ಅಣ್ಣಾ, ನೋಡಲು ಬನ್ನಿ, ಟೆಂಟ್ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ರಾಜ್ಯದಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಅದು ಮೀನು ಮರಿ ಮಾಡುವ ಕಾಲ, ಸಮುದ್ರವೂ ಒರಟು. ಕೇರಿಯಲ್ಲಿ ಆ ಎರಡು ತಿಂಗಳು ಬಲೆ ಹೆಣೆಯುವುದು, ದೋಣಿ ದುರಸ್ತಿ ಮಾಡುವುದು, ಒಣ ಮೀನಿನಲ್ಲಿ ದಿನ ಕಳೆಯುವುದು. ಗಾಳಿಮರವೇ ಮುರಿದು ಬೀಳುವ ಗಾಳಿಗೆ ಟೆಂಟ್ ನಿಲ್ಲುವುದಿಲ್ಲ. ದಾರಿಯೂ ನೆಚ್ಚುವಂತಿಲ್ಲ: 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು 66ನೆಯ ಹೆದ್ದಾರಿಯ ಮೇಲೆ ಬಿದ್ದಾಗ, ಚಹಾ ಕುಡಿಯಲು ನಿಂತಿದ್ದವರೂ ಮಣ್ಣಿನ ಪಾಲಾದರು. ಗಟ್ಟಿ ಮನೆಯಲ್ಲಿ ಉಳಿದು, ಗುಡ್ಡ ಕಡಿದ ರಸ್ತೆಯಂಚಿನಲ್ಲಿ ಗಾಡಿ ನಿಲ್ಲಿಸದೆ ಬರುವುದಾದರೆ ಮಳೆಗಾಲದ ಸಮುದ್ರವನ್ನು ಜಗಲಿಯಿಂದಲೇ ನೋಡಬಹುದು.

ಕಾರಂಜಾ ಅಲೆ, ಭಾಲ್ಕಿ:

ಮೂರು ಬಾರಿ ಆ ಕಡೆ ಟೆಂಟ್‌ನಲ್ಲಿ ಉಳಿದ ಅನುಭವದಿಂದ ಕೆಲವು ಉಪಯೋಗದ ಮಾತುಗಳು. ನಮ್ಮ ಕರಿ ಮಣ್ಣಿನಲ್ಲಿ ಹೊಡೆದ ಗೂಟ ಒಮ್ಮೆ ಕೂತರೆ ಕೀಳಲು ಕಷ್ಟ. ಮರಳಿನಲ್ಲಿ ಅದೇ ಗೂಟ ಬೆರಳಿನಿಂದ ಎಳೆದರೆ ಬರುತ್ತದೆ. ಖಾಲಿ ಗೊಬ್ಬರದ ಚೀಲಗಳನ್ನು ತೊಳೆದು ಒಯ್ಯಿರಿ. ಮರಳು ತುಂಬಿ, ಟೆಂಟಿನ ಹಗ್ಗ ಕಟ್ಟಿ, ಮೊಣಕೈ ಆಳಕ್ಕೆ ಹೂತರೆ ಗಾಳಿಗೆ ಅಲುಗುವುದಿಲ್ಲ. ಹೊರಡುವಾಗ ಚೀಲ ಮರೆಯದೆ ವಾಪಸು ತನ್ನಿ. ಚಳಿಗಾಲದಲ್ಲಿ ಇಬ್ಬನಿ ಎಷ್ಟು ಬೀಳುತ್ತದೆಂದರೆ ಬೆಳಿಗ್ಗೆ ಟೆಂಟಿನ ಬಟ್ಟೆ ಹಿಂಡಬಹುದು. ಮೇಲೊಂದು ತಾಡಪತ್ರಿ ಬೇಕೇ ಬೇಕು.

ಹೊರಡುವ ಮುಂಚೆ ಅಲೆಗಳ ಮುನ್ಸೂಚನೆ ನೋಡಿ. ಸಮುದ್ರವಿಲ್ಲದ ನಮ್ಮ ನೆರೆಯ ಹೈದರಾಬಾದಿನಲ್ಲಿಯೇ ಇನ್ಕಾಯ್ಸ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆಯಿದೆ. ಮೀನು ಎಲ್ಲಿ ಸಿಗಬಹುದೆಂಬ ಸೂಚನೆಯಿಂದ ಹಿಡಿದು ಎತ್ತರದ ಅಲೆಗಳ ಎಚ್ಚರಿಕೆಯವರೆಗೆ ಇಡೀ ದೇಶದ ಮೀನುಗಾರರಿಗೆ ಅಲ್ಲಿಂದಲೇ ಹೋಗುತ್ತದೆ. ದೂರದ ದಕ್ಷಿಣ ಮಹಾಸಾಗರದಲ್ಲಿ ಎದ್ದ ಅಲೆ, ಇಲ್ಲಿ ಗಾಳಿಯೇ ಇಲ್ಲದ ದಿನವೂ ದಂಡೆಗೆ ನುಗ್ಗುವುದುಂಟು, ಅದನ್ನೂ ಮೊದಲೇ ತಿಳಿಸುತ್ತಾರೆ. ಸಮುದ್ರದಲ್ಲಿ ಯಾರಾದರೂ ಅಪಾಯಕ್ಕೆ ಸಿಕ್ಕರೆ ಕರಾವಳಿ ಕಾವಲು ಪಡೆಯ ಸಂಖ್ಯೆ 1554.

ದಂಡೆಯಲ್ಲಿ ಬೆಂಕಿ ಹಾಕಬೇಡಿ, ರಾತ್ರಿ ಜೋರಾದ ದೀಪ ಉರಿಸಬೇಡಿ. ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಈ ಜಿಲ್ಲೆಯ ಮರಳಿಗೆ ಬಂದು ಒಂದೊಂದು ಗುಂಡಿಯಲ್ಲಿ ನೂರರ ಆಸುಪಾಸು ಮೊಟ್ಟೆ ಇಡುತ್ತವೆ. ಒಂದೂವರೆ ಎರಡು ತಿಂಗಳಿಗೆ ಹೊರಬಂದ ಮರಿಗಳು ನೀರಿನ ಮೇಲಿನ ಮಂದ ಬೆಳಕನ್ನು ನೋಡಿಕೊಂಡು ಸಮುದ್ರದತ್ತ ಹೋಗುತ್ತವೆ. ನಮ್ಮ ದೀಪ ಕಂಡರೆ ದಿಕ್ಕು ತಪ್ಪಿ ಊರಿನ ಕಡೆ ಬಂದು ನಾಯಿ, ಕಾಗೆಗಳ ಬಾಯಿಗೆ ಬೀಳುತ್ತವೆ. ಬೇಲಿ ಹಾಕಿದ ಗುಂಡಿ ಕಂಡರೆ ದೂರ ಇರಿ. ಗುರುತಿಲ್ಲದ ಗುಂಡಿ ಕಂಡರೆ ಊರವರಿಗೆ ತಿಳಿಸಿದರೆ ಅವರೇ ಅರಣ್ಯ ಇಲಾಖೆಗೆ ಮುಟ್ಟಿಸುತ್ತಾರೆ.

ಬಾವಿಯ ನೀರಿನ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಸೇರಿಸುತ್ತೇನೆ. ದಂಡೆಯ ಬಾವಿಗಳಲ್ಲಿ ಮಳೆಯ ಸಿಹಿ ನೀರು ಅಡಿಯ ಉಪ್ಪು ನೀರಿನ ಮೇಲೆ ತೇಲುವ ತೆಳುವಾದ ಪದರ. ಅತಿಯಾಗಿ ಸೇದಿದರೆ ಅಡಿಯದು ಮೇಲೆ ಬರುತ್ತದೆ. ಆರು ಜನ ಅತಿಥಿಗಳು ದಿನಕ್ಕೆ ಮೂರು ಸಲ ಮೈಮೇಲಿನ ಉಪ್ಪು ತೊಳೆದುಕೊಂಡರೆ ಆ ಮನೆಯವರು ಬೇಸಿಗೆಯಲ್ಲಿ ಅನುಭವಿಸಬೇಕಾಗುತ್ತದೆ. ಬರದ ಊರಿನಿಂದ ಹೋದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಬೀದರಿನ ಹೊಳಪು, ಬೀದರ:

ಎಲ್ಲರ ಮಾತುಗಳನ್ನೂ ಬರೆದಿಟ್ಟುಕೊಂಡಿದ್ದೇನೆ. ಅತ್ತೆಯವರು ಪಂಚಾಂಗ ನೋಡಿ ಅಮಾವಾಸ್ಯೆ ಕಳೆದ ಅಷ್ಟಮಿಗೆ ದಿನ ಗೊತ್ತುಮಾಡಿದ್ದಾರೆ, ಹುಬ್ಬಳ್ಳಿಯಲ್ಲಿ ಒಂದು ರಾತ್ರಿ ನಿಲ್ಲುತ್ತೇವೆ. ಗಜನಿಯವರೇ, ನಿಮ್ಮ ಅವ್ವನವರಿಗೆ ನಮ್ಮ ಕಡೆಯಿಂದ ಏನು ಒಯ್ಯಬಹುದೆಂದು ಸಂಕೋಚವಿಲ್ಲದೆ ತಿಳಿಸಿ. ದಾರಿಯಲ್ಲಿ ಕಂಡು ಹೋಗುವ ಆಸೆಯಿದೆ.

ಗಜನಿ, ಕಲಬುರಗಿ:

ಅವ್ವನಿಗೆ ಜೋಳದ ರೊಟ್ಟಿ ಎಂದರೆ ಬಹಳ ಇಷ್ಟ, ನಾನು ರಜೆಗೆ ಹೋದಾಗಲೆಲ್ಲ ಕೇಳುತ್ತಾಳೆ. ಹತ್ತು ರೊಟ್ಟಿ ಸಾಕು. ಬೆಳಚಿನ ಸುಕ್ಕ ಮಾಡಿ ಕಾಯುತ್ತಾಳೆ. ನಿಮ್ಮಲ್ಲಿ ಸಸ್ಯಾಹಾರಿಗಳಿದ್ದರೆ ಮೊದಲೇ ಹೇಳಿ.

ಕಾಗಿಣಾ ದಂಡೆ, ಚಿತ್ತಾಪುರ:

ಅಕ್ಕಾವ್ರೇ, ಕೇರಿಯ ಆ ಅಕ್ಕನೊಡನೆ ಇವತ್ತು ಮಾತಾಡಿದೆ. ನೀವು ಬರಬಹುದು ಎಂದಿದ್ದಾರೆ. ತಮ್ಮ ಮನೆಯ ಹಿತ್ತಲಿನಲ್ಲಿ ಒಂದು ಸಲಕ್ಕೆ ಎರಡು ಟೆಂಟ್ ಮಾತ್ರ, ಒಣ ಮೀನಿನ ಕೆಲಸ ಜೋರಿರುವ ವಾರ ಯಾರೂ ಬೇಡ, ಇಷ್ಟಕ್ಕೆ ಒಪ್ಪುವವರಿಗೆ ಹೆಸರು ತಿಳಿಸಬಹುದು ಎಂದೂ ಹೇಳಿದ್ದಾರೆ. ನೀವು ಕಲಬುರಗಿ ದಾಟುವ ದಿನ ಮುಂಚಿತವಾಗಿ ತಿಳಿಸಿ. ಐದು ಕಿಲೋ ಹೊಸ ತೊಗರಿ ಬೇಳೆ ಕಟ್ಟಿ ಬಸ್ ನಿಲ್ದಾಣಕ್ಕೆ ಮಗನ ಕೈಯಲ್ಲಿ ಕಳುಹಿಸುತ್ತೇನೆ, ಅದನ್ನು ಆ ಮನೆಗೆ ಮುಟ್ಟಿಸಬೇಕು. ರೊಟ್ಟಿಯನ್ನು ಮಾತ್ರ ಸ್ಟೀಲ್ ಡಬ್ಬಿಯಲ್ಲಿ ಇಟ್ಟು, ಮುಚ್ಚಳದ ಸುತ್ತ ಬಟ್ಟೆ ಬಿಗಿದು ಒಯ್ಯಿರಿ.